ಮಿನಿಡಿವಿ ಕ್ಯಾಸೆಟ್ ಇಳಿಸಲು ಫೈರ್‌ವೈರ್ ಕಾರ್ಡ್: ಕೊಡಗಿನ ಮನೆಗಳಿಗೆ ಒಂದು ವಿಮರ್ಶೆ

ಕೊಡಗಿನ ಎಷ್ಟೋ ಮನೆಗಳ ಕಪಾಟಿನಲ್ಲಿ 2000ದ ಆಸುಪಾಸಿನ ಮದುವೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಮಿನಿಡಿವಿ ಕ್ಯಾಸೆಟ್‌ಗಳು, ಅಂದರೆ ಹಳೆಯ ವಿಡಿಯೊ ಕ್ಯಾಮೆರಾದ ಪುಟ್ಟ ಡಿಜಿಟಲ್ ಟೇಪುಗಳು, ಇನ್ನೂ ಉಳಿದಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲು ಆನ್‌ಲೈನಿನಲ್ಲಿ ಎರಡು ಬಗೆಯ ಸಾಧನ ಸಿಗುತ್ತವೆ. ಒಂದು, ಹಳದಿ-ಬಿಳಿ-ಕೆಂಪು ಪಿನ್ನಿನ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್. ಇನ್ನೊಂದು, ಡೆಸ್ಕ್‌ಟಾಪಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವ ಫೈರ್‌ವೈರ್ ಕಾರ್ಡ್; ಫೈರ್‌ವೈರ್ ಎಂದರೆ ಇಂಥ ಕ್ಯಾಮೆರಾವನ್ನು ಕಂಪ್ಯೂಟರಿಗೆ ನೇರ ಜೋಡಿಸುವ ಹಳೆಯ ಡಿಜಿಟಲ್ ಪೋರ್ಟ್. ಮಿನಿಡಿವಿಗೆ ಕಾರ್ಡೇ ಸರಿ. ಸ್ಟಿಕ್ಕಿಗೆ ದುಡ್ಡು ಹಾಕಬೇಡಿ.

ಮಿನಿಡಿವಿ ಟೇಪಿನಲ್ಲಿರುವುದು ಆಗಲೇ ಡಿಜಿಟಲ್ ಆಗಿರುವ ಚಿತ್ರ: 720x576, ಸೆಕೆಂಡಿಗೆ 25 ಮೆಗಾಬಿಟ್. ಫೈರ್‌ವೈರ್ ಅದನ್ನು ಇದ್ದ ಹಾಗೇ ನಕಲು ಮಾಡುತ್ತದೆ. ಸ್ಟಿಕ್ಕಾದರೆ ಕ್ಯಾಮೆರಾ ಅನಲಾಗ್ ಮಾಡಿ ಕಳಿಸಿದ್ದನ್ನು ಮತ್ತೆ ಡಿಜಿಟಲ್ ಮಾಡುತ್ತದೆ. ಸೀರೆಯ ಕೆಂಪು ಅಂಚಿನಾಚೆ ಹರಡುತ್ತದೆ, ವಾಲಗದ ಸದ್ದು ಬರಬರುತ್ತ ಚಿತ್ರದಿಂದ ಹಿಂದೆ ಬೀಳಬಹುದು, ಶೂಟಿಂಗ್ ಆದ ದಿನಾಂಕ-ಸಮಯದ ಮಾಹಿತಿ ಪೂರ್ತಿ ಹೋಗುತ್ತದೆ. ವಿಎಚ್‌ಎಸ್‌ನಂಥ ಅನಲಾಗ್ ಟೇಪಿಗೆ ಮಾತ್ರ ಸ್ಟಿಕ್ ಆಗಬಹುದು. ಹೈ8 ಎಂಬ ಹಳೆಯ ಅನಲಾಗ್ ಕ್ಯಾಮೆರಾ ಟೇಪಿದ್ದರೆ, ಅದನ್ನೂ ಓಡಿಸಬಲ್ಲ ಡಿಜಿಟಲ್8 ಎಂಬ ಬಗೆಯ ಕ್ಯಾಮೆರಾ ಹುಡುಕಿ ಫೈರ್‌ವೈರ್‌ನಲ್ಲೇ ಇಳಿಸುವುದು ಮೇಲು.

ಕಾರ್ಡ್ ಕೊಳ್ಳುವಾಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದನ್ನೇ ಆರಿಸಿ, ತಕರಾರು ಕಡಿಮೆ. ಕ್ಯಾಮೆರಾದ ಕಡೆ ಪುಟ್ಟ 4 ಪಿನ್, ಕಾರ್ಡಿನ ಕಡೆ 6 ಪಿನ್ ಇರುವ ಕೇಬಲ್ ಬೇಕು. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಬರೀ ಕೇಬಲ್ಲನ್ನೂ ಮಾರುತ್ತಾರೆ. ಎರಡರ ಸಂಕೇತವೇ ಬೇರೆಯಾದ್ದರಿಂದ ಅದು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಆಫ್ ಇರುವಾಗಲೇ ಕೇಬಲ್ ಸಿಕ್ಕಿಸಿ. 6 ಪಿನ್ ಪ್ಲಗ್ಗನ್ನು ತಿರುವುಮುರುವಾಗಿ ಒತ್ತಿದರೆ ಪೋರ್ಟ್ ಸುಡಬಹುದು.

ವಿಂಡೋಸ್ 10ರಲ್ಲಿ ಕ್ಯಾಮೆರಾ ಕಾಣದಿದ್ದರೆ ಮೈಕ್ರೋಸಾಫ್ಟ್‌ನ ಹಳೆಯ 1394 (ಫೈರ್‌ವೈರ್‌ನದೇ ಇನ್ನೊಂದು ಹೆಸರು) ಲೆಗಸಿ ಡ್ರೈವರ್ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಅದನ್ನೇ ಆಯ್ಕೆ ಮಾಡಿ. ಇಳಿಸಲು ವಿನ್‌ಡಿವಿ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ಫೈಲಿನ ಬಗೆಯನ್ನು ಟೈಪ್-2 ಎವಿಐ ಎಂದು ಇಟ್ಟುಕೊಳ್ಳಿ. ಶೂಟಿಂಗ್ ನಿಂತು ಶುರುವಾದಲ್ಲೆಲ್ಲ ವಿನ್‌ಡಿವಿ ತಾನಾಗಿ ಫೈಲ್ ಒಡೆದು, ದಿನಾಂಕವನ್ನು ಹೆಸರಿನಲ್ಲೇ ಬರೆಯುತ್ತದೆ. ಅರವತ್ತು ನಿಮಿಷದ ಟೇಪಿಗೆ ಅರವತ್ತು ನಿಮಿಷವೇ ಬೇಕು, ಜಾಗ ಸುಮಾರು 13 ಜಿಬಿ. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿಗೇ ನಿಂತುಬಿಡುತ್ತದೆ, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿಕೊಳ್ಳಿ. ಕ್ಯಾಮೆರಾ ಅಡಾಪ್ಟರಿನಲ್ಲೇ ಓಡಲಿ; ಮಳೆಗಾಲದ ಕರೆಂಟನ್ನು ನಂಬಿ ಯುಪಿಎಸ್ ಇಲ್ಲದೆ ಕೂರಬೇಡಿ.

ಇಲ್ಲಿ ನಿಜವಾದ ಶತ್ರು ತೇವ. ಕ್ಯಾಸೆಟ್ಟಿನ ಮುಚ್ಚಳ ಎತ್ತಿ, ಸುರುಳಿಯ ಅಂಚನ್ನು ಟಾರ್ಚ್ ಬೆಳಕಲ್ಲಿ ನೋಡಿ. ಬಿಳಿ ಪುಡಿಯಂತೆ ಬೂಷ್ಟು ಕಂಡರೆ ಕ್ಯಾಮೆರಾಕ್ಕೆ ಹಾಕಲೇಬೇಡಿ. ಅದು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಟೇಪುಗಳಿಗೂ ಹರಡುತ್ತದೆ. ಅಂಥದ್ದನ್ನು ಟೇಪ್ ಶುಚಿ ಮಾಡುವವರಿಗೇ ಕೊಡಿ. ಚೊಕ್ಕಟವಾಗಿರುವ ಟೇಪನ್ನು ಮೊದಲು ಕೊನೆವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ಚಿತ್ರದಲ್ಲಿ ಚೌಕ ಚೌಕವಾಗಿ ಒಡೆದ ಪಟ್ಟಿಗಳು ಬಂದರೆ ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡ್ ಓಡಿಸಿ, ಅದಕ್ಕಿಂತ ಹೆಚ್ಚು ಬೇಡ, ಹೆಡ್ ಸವೆಯುತ್ತದೆ. ಎಲ್‌ಪಿ ಮೋಡಿನಲ್ಲಿ, ಅಂದರೆ ಟೇಪನ್ನು ನಿಧಾನ ಓಡಿಸಿ ಹೆಚ್ಚು ಹೊತ್ತು ಹಿಡಿಸುವ ಬಗೆಯಲ್ಲಿ, ತುಂಬಿಸಿದ ಟೇಪಾದರೆ ಸಾಧ್ಯವಾದಷ್ಟೂ ಶೂಟ್ ಮಾಡಿದ ಕ್ಯಾಮೆರಾದಲ್ಲೇ ಹಾಕಿ, ಬೇರೆಯದರಲ್ಲಿ ಇದೇ ಪಟ್ಟಿಗಳು ಬರಬಹುದು.

ಪುತ್ತರಿ ಕೋಲಾಟದಲ್ಲಿ ಕೋಲು ಬೀಸುವಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಂಡರೆ ಗಾಬರಿ ಬೇಡ, ಅದು ಇಂಟರ್‌ಲೇಸ್: ಒಂದು ಚಿತ್ರದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಲಕ್ಕೆ ಹಿಡಿಯುವ ಕ್ರಮ. ಮೂಲ ಎವಿಐ ಮುಟ್ಟದೆ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಈ ಗೆರೆ ತೆಗೆಯುವ ಬಿಡಬ್ಲ್ಯುಡಿಐಎಫ್ ಫಿಲ್ಟರಿನಿಂದ ಸೆಕೆಂಡಿಗೆ 50 ಫ್ರೇಮಿನ ಎಂಪಿ4 ಮಾಡಿ, ಗುಣಮಟ್ಟದ ಅಳತೆಯಾದ ಸಿಆರ್‌ಎಫ್ 18 ಇಡಿ. ಮನೆಮಂದಿಗೆ ಹಂಚಲು ಅದು. ಡಿವಿಡಿ ಮಾಡಿಸಿ ಮೂಲ ಫೈಲ್ ಅಳಿಸಿಬಿಡುವುದು ನಷ್ಟದ ವ್ಯಾಪಾರ. ಎವಿಐಯನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟು, ಒಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಗೆ ಕಳಿಸಿಬಿಡಿ.