ಡಾಕ್ಯುಮೆಂಟರಿ ಮಾಡುವವರು ಮೊದಲು ಮಡಿಕೇರಿಯ ಈ ಬಾಡಿಗೆ ಅಂಗಡಿಗೆ ಹೋಗಿ, ಆಮೇಲೆ ಸ್ಕ್ರಿಪ್ಟ್ ಬರೆಯಿರಿ

ಮಡಿಕೇರಿ ಪೇಟೆಯ ಈ ಅಂಗಡಿಯಲ್ಲಿ ಕ್ಯಾಮೆರಾ, ಲೆನ್ಸ್, ಮೈಕ್, ಲೈಟು ದಿನದ ಬಾಡಿಗೆಗೆ ಸಿಗುತ್ತವೆ. ನಾವು ಪತ್ರಿಕೋದ್ಯಮ ಓದುವ ಕೊನೇ ವರ್ಷದ ಹುಡುಗ ಹುಡುಗಿಯರು. ಪ್ರಾಜೆಕ್ಟಿಗೆ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದೇವೆ. ದೊಡ್ಡ ಶೂಟಿಂಗ್ ದಸರಾಗೆ ಇದೆ, ಈಗ ನಡೆಯುತ್ತಿರುವುದು ತಯಾರಿ ಮತ್ತು ಟೆಸ್ಟ್ ಶೂಟು. ಇಷ್ಟು ಹೊತ್ತಿಗೇ ರಿವ್ಯೂ ಬರೆಯುತ್ತಿರುವುದು ಯಾಕೆಂದರೆ, ಈ ಅಂಗಡಿಯಿಂದ ನಮಗೆ ಅತಿ ಹೆಚ್ಚು ಉಪಯೋಗ ಆಗಿದ್ದು ತಯಾರಿಯಲ್ಲೇ. ಬೇರೆ ಕಾಲೇಜಿನವರಿಗೂ ಗೊತ್ತಾಗಲಿ.

ಕೊಡಗಿನಲ್ಲಿ ಮೈಸೂರು ದಸರಾ ಅಂದರೆ ಆನೆ. ದುಬಾರೆಯಿಂದ, ಮತ್ತಿಗೋಡಿನಿಂದ ಆನೆಗಳು ಹೋಗುತ್ತವೆ, 2020ರಿಂದ ಹಲವು ವರ್ಷ ಅಂಬಾರಿ ಹೊತ್ತ ಅಭಿಮನ್ಯು ಮತ್ತಿಗೋಡು ಶಿಬಿರದವನು. ಹಾಗಾಗಿ ಕ್ಲಾಸಿನಲ್ಲಿ ಎಲ್ಲರ ಪ್ರಶ್ನೆ ಒಂದೇ: ಮನೆ ಬಾಗಿಲಲ್ಲಿ ಆನೆ ಇಟ್ಟುಕೊಂಡು ಮೈಸೂರಿನ ಕುದುರೆ ಹಿಂದೆ ಯಾಕೆ ಹೋಗುತ್ತೀರಿ? ಆನೆಗಳನ್ನು ಟಿವಿಯವರು ಪ್ರತಿ ವರ್ಷ ಕಾಡಿನಿಂದ ಹೊರಟಾಗಿನಿಂದ ತೂಕ ಹಾಕುವವರೆಗೂ ತೋರಿಸುತ್ತಾರೆ. ಅದೇ ಮೆರವಣಿಗೆಯಲ್ಲಿ ಸಾಲಾಗಿ ಹೋಗುವ ಕುದುರೆಗಳು, ಅವುಗಳ ಮೇಲೆ ಕೂತ ಪೊಲೀಸರು ಉಳಿದ ದಿನಗಳಲ್ಲಿ ಏನು ಮಾಡುತ್ತಾರೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೈಸೂರಿಗೂ ಕುದುರೆಗೂ ನಂಟು ಹಳೆಯದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು, ಮಷಿನ್ ಗನ್ ಎದುರು ಕುದುರೆ ಮೇಲೆ ಈಟಿ ಹಿಡಿದು ಹೋದವರು ಅವರು. ಈಗಿನ ಕಾಲಕ್ಕೆ ಬಂದರೆ, ಮುಂಬೈಯಲ್ಲಿ 1932ರಲ್ಲಿ ನಿಂತುಹೋಗಿದ್ದ ಕುದುರೆ ದಳವನ್ನು 2020ರಲ್ಲಿ ಮತ್ತೆ ಶುರು ಮಾಡಿದರು. ಜೀಪು, ಸಿಸಿಟಿವಿ ಎಲ್ಲಾ ಇರುವಾಗ ಪೊಲೀಸರಿಗೆ ಕುದುರೆ ಯಾಕೆ ಬೇಕು? ನಮ್ಮ ಡಾಕ್ಯುಮೆಂಟರಿ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಈಗ ಅಂಗಡಿಗೆ ಬರೋಣ. ನಾವು ಒಂದು ಉದ್ದ ಲಿಸ್ಟ್ ಹಿಡಿದುಕೊಂಡು ಹೋಗಿದ್ದೆವು. ಕ್ಯಾಮೆರಾ, ಅದು ಅಲುಗದಂತೆ ಹಿಡಿಯುವ ಗಿಂಬಲ್, ಡ್ರೋನ್, ವೈರ್‌ಲೆಸ್ ಮೈಕ್, ದೊಡ್ಡ ಲೈಟುಗಳು. ಅಂಗಡಿಯ ಅಣ್ಣ ಬೀರು ತೆಗೆಯುವ ಮೊದಲೇ ಕೂರಿಸಿ ಕೇಳಿದರು: ಎಷ್ಟು ಹೊತ್ತಿಗೆ ಶೂಟು? ಕುದುರೆಯಿಂದ ಎಷ್ಟು ದೂರ ನಿಲ್ಲಲು ಬಿಡುತ್ತಾರೆ? ಬಿಸಿಲೋ, ಲಾಯದ ಒಳಗೋ, ರಾತ್ರಿ ಲೈಟಿನಲ್ಲೋ? ಮೂರಕ್ಕೂ ನಮ್ಮ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಅವರು ಮೊದಲು ಅದನ್ನು ತಿಳಿದುಕೊಂಡು ಬನ್ನಿ ಅಂತ ಕಳಿಸಿದರು. ಆ ದಿನ ಒಂದು ರೂಪಾಯಿ ವ್ಯಾಪಾರ ಮಾಡಲಿಲ್ಲ. ಬಾಡಿಗೆ ಅಂಗಡಿಯಲ್ಲಿ ಹೀಗೆ ನಡೆಸಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರು ಮದುವೆ ವಿಡಿಯೋ ಮಾಡುವವರು, ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಾದ ಕೊಡವ ಹಾಕಿ ನಮ್ಮೆಯನ್ನೂ ಶೂಟ್ ಮಾಡುತ್ತಾರೆ. ವೇಗವಾಗಿ ಓಡುವುದನ್ನು ದೂರದಿಂದ ಹಿಡಿಯುವುದು ಹೇಗೆ ಅಂತ ಮೈದಾನದಲ್ಲಿ ನಿಂತು ಕಲಿತವರು. ಎರಡನೇ ಸಲ ಹೋದಾಗ ನಮ್ಮ ಲಿಸ್ಟ್ ಇಟ್ಟುಕೊಂಡು ಒಂದೊಂದಾಗಿ ಹೊಡೆದುಹಾಕುತ್ತಾ ಬಂದರು.

ಮೊದಲು ಹೋಗಿದ್ದು ಡ್ರೋನ್. ದಿನದ ಬಾಡಿಗೆ ಜಾಸ್ತಿ ಬರುವುದೇ ಅದಕ್ಕೆ, ಆದರೂ ಕೊಡಲಿಲ್ಲ. "ತಲೆ ಮೇಲೆ ಗುಂಯ್ ಅಂತ ಬಂದ್ರೆ ಕುದುರೆ ಹಾರುತ್ತೆ ಮಕ್ಕಳೇ, ಮುರಿಯೋದು ಸವಾರರ ಸೊಂಟ" ಅಂದರು. ಗಿಂಬಲ್ ಹಿಡಿದು ಕುದುರೆ ಪಕ್ಕದಲ್ಲಿ ಓಡುವ ಶಾಟ್ ನಮ್ಮ ಗೆಳೆಯನ ಕನಸಾಗಿತ್ತು, ಅದೂ ಹೋಯಿತು. ಬೆಳಕು ತಿರುಗಿಸುವ ರಿಫ್ಲೆಕ್ಟರ್ ಕೂಡ ಬೇಡ ಅಂದರು, ಅದು ಬ್ಯಾಗಿನಿಂದ ತೆಗೆದ ಕೂಡಲೇ ಪಟ್ ಅಂತ ಬಿಚ್ಚಿಕೊಳ್ಳುತ್ತದೆ, ಮೇಲೆ ಬೆಳ್ಳಿ ಬಣ್ಣದ ಹೊಳಪು ಬೇರೆ. ಕೊನೆಗೆ ನಮ್ಮ ಕೈಯಲ್ಲಿದ್ದ ಕೊಡೆಗಳ ಕಡೆಗೂ ಬೆರಳು ಮಾಡಿದರು. ಮಳೆಗಾಲದಲ್ಲಿ ಕೊಡಗಿನವರು ಕೊಡೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ ಅಲ್ವಾ, ಆದರೆ ಕುದುರೆ ಎದುರು ಕೊಡೆ ಬಿಚ್ಚಬಾರದು. ಇದನ್ನೆಲ್ಲಾ ನಾವು ಆಮೇಲೆ ಓದಿ, ಕೇಳಿ ತಿಳಿದುಕೊಂಡೆವು. ಕುದುರೆ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುತ್ತಲೂ ಹೆಚ್ಚುಕಮ್ಮಿ ಎಲ್ಲಾ ಕಾಣುತ್ತದೆ, ಬೆನ್ನ ಹಿಂದೆ ನೇರ ಮತ್ತು ಮೂತಿಯ ಎದುರು ತೀರಾ ಹತ್ತಿರ ಮಾತ್ರ ಕಾಣುವುದಿಲ್ಲ. ಕ್ಯಾಮೆರಾ ಹಿಡಿದವರು ನಿಲ್ಲಲು ಆಸೆಪಡುವುದು ಈ ಎರಡೇ ಜಾಗದಲ್ಲಿ. ಕಿವಿ ಹಿಂದಕ್ಕೆ ಅಂಟಿಸಿಕೊಂಡರೆ ಅದಕ್ಕೆ ಸಿಟ್ಟು ಬಂದಿದೆ ಅಂತ ಅರ್ಥ, ಆಗ ಶಾಟ್ ಬಿಟ್ಟು ದೂರ ಹೋಗಬೇಕು. ಫ್ಲ್ಯಾಶ್ ಅಂತೂ ಹಾಕಲೇಬಾರದು.

ಹೊಡೆದುಹಾಕಿದ ಮೇಲೆ ಅವರು ಕೊಟ್ಟಿದ್ದು ಇದು: ಎರಡು ಸೋನಿ ಎ6400 ಕ್ಯಾಮೆರಾ, ದೂರದ್ದನ್ನು ಹಿಡಿಯುವ ಒಂದು 70-350 ಲೆನ್ಸ್, ಕಡಿಮೆ ಬೆಳಕಿಗೆ ಒಂದು ಎಫ್ 1.8ರ ಚಿಕ್ಕ ಲೆನ್ಸ್, ಟ್ರೈಪಾಡು, ಜಾಸ್ತಿ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್, ಕಾಲರ್ ಮೈಕ್ ಹಾಕಿದ ಝೂಮ್ ಎಚ್1ಎನ್ ರೆಕಾರ್ಡರ್. ಎರಡು ಕ್ಯಾಮೆರಾ ಯಾಕೆ ಅಂದರೆ, ಲಾಯದೊಳಗೆ ಹುಲ್ಲಿನ ಧೂಳು, ಬೂಸಾ ಧೂಳು ಹಾರುತ್ತಲೇ ಇರುತ್ತದೆ, ಅಲ್ಲಿ ಲೆನ್ಸ್ ಬದಲಾಯಿಸಿದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರುತ್ತದೆ. ಒಂದಕ್ಕೆ ದೂರದ ಲೆನ್ಸ್, ಇನ್ನೊಂದಕ್ಕೆ ಒಳಗಿನ ಲೆನ್ಸ್ ಹಾಕಿಕೊಂಡು ಹೋಗಿ, ಅಲ್ಲಿ ಬಿಚ್ಚಬೇಡಿ ಅಂದರು. ಲಾಯಕ್ಕೆ ಹ್ಯಾಲೋಜನ್ ಲೈಟು ಒಯ್ಯುವ ಮಾತೇ ಬೇಡ, ಒಣಹುಲ್ಲು ಇರುವ ಕಡೆ ಬಿಸಿಯಾಗುವ ಲೈಟು ಇಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಬ್ಯಾಟರಿಯ ಚಿಕ್ಕ ಎಲ್‌ಇಡಿ ಒಂದನ್ನು ಕೊಟ್ಟರು.

ಎ6400 ಬಗ್ಗೆ ನಮ್ಮ ಅಭಿಪ್ರಾಯ ಹೇಳಿಬಿಡುತ್ತೇನೆ. ಫೋಕಸ್ ತುಂಬಾ ಚೆನ್ನಾಗಿ ಹಿಡಿಯುತ್ತದೆ, ಎದುರಿಗೆ ಬರುವ ಕುದುರೆಯನ್ನೂ ಬಿಡುವುದಿಲ್ಲ. ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಇಲ್ಲ, ಹಾಗಾಗಿ ಕೈಯಲ್ಲಿ ಹಿಡಿದು 350ಕ್ಕೆ ಜೂಮ್ ಮಾಡಿದರೆ ಲೆನ್ಸಿನ ಸ್ಟೆಬಿಲೈಸೇಶನ್ ಒಂದೇ ಸಾಲುವುದಿಲ್ಲ, ಟ್ರೈಪಾಡು ಬೇಕೇ ಬೇಕು. ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 100 ಫ್ರೇಮ್ ಸಿಗುತ್ತದೆ, ಅದನ್ನು 25ಕ್ಕೆ ಇಳಿಸಿದರೆ ನಾಲ್ಕು ಪಟ್ಟು ನಿಧಾನ. ಅದರಲ್ಲಿ ಕುದುರೆ ಓಡುವುದನ್ನು ನೋಡಿದಾಗ ನಾಲ್ಕೂ ಕಾಲು ನೆಲ ಬಿಟ್ಟಿರುವ ಕ್ಷಣ ಸ್ಪಷ್ಟವಾಗಿ ಕಾಣಿಸಿತು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎನ್ನುವವರು ಸಾಲಾಗಿ ಕ್ಯಾಮೆರಾ ಇಟ್ಟು ಜಗತ್ತಿಗೆ ತೋರಿಸಿದ್ದು ಇದನ್ನೇ, ಚಲಿಸುವ ಚಿತ್ರದ ಕಥೆ ಶುರುವಾಗುವ ಜಾಗಗಳಲ್ಲಿ ಅದೂ ಒಂದು. ಕುದುರೆ ಬಗ್ಗೆ ಡಾಕ್ಯುಮೆಂಟರಿ ಮಾಡುವ ನಮಗೆ ಆ ಕ್ಷಣ ಮೈ ಜುಂ ಎನಿಸಿತು.

ರಾತ್ರಿ ಶೂಟಿಗೆ ಅವರು ಕೊಟ್ಟ ಸಲಹೆಯನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ವಿಜಯದಶಮಿ ರಾತ್ರಿ ಮೈಸೂರಿನ ಬನ್ನಿಮಂಟಪ ಮೈದಾನದಲ್ಲಿ ಪಂಜಿನ ಕವಾಯತು ಇರುತ್ತದೆ. ಟೆಂಟ್ ಪೆಗ್ಗಿಂಗ್, ಅಂದರೆ ಓಡುವ ಕುದುರೆ ಮೇಲಿಂದ ನೆಲದಲ್ಲಿ ನೆಟ್ಟ ಗೂಟವನ್ನು ಈಟಿಯಿಂದ ಎತ್ತುವ ಆಟ, ನೋಡಲು ಸಿಗುವುದು ಅಲ್ಲೇ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಸ್ಟೇಡಿಯಂ ಲೈಟಿನ ಕೆಳಗೆ ಶಟರ್ ವೇಗ 50 ಅಥವಾ 100ರಲ್ಲಿ (ಸೆಕೆಂಡಿನ 1/50 ಅಥವಾ 1/100 ಭಾಗ) ಇಡಿ, ಬೇರೆ ನಂಬರ್ ಇಟ್ಟರೆ ಚಿತ್ರ ಮಿಣುಕಬಹುದು ಅಂದರು. ಇನ್ನೊಂದು ಮಾತು, 70-350 ಲೆನ್ಸಿನ ಬಾಯಿ ಚಿಕ್ಕದು, ರಾತ್ರಿಗೆ ಕತ್ತಲೆ ಆಗುತ್ತದೆ, ಆ ಒಂದು ದಿನಕ್ಕೆ ಬಾಯಿ ದೊಡ್ಡದಿರುವ ಎಫ್ 2.8ರ 70-200 ಲೆನ್ಸ್ ತೆಗೆದುಕೊಳ್ಳಿ ಅಂತ ಈಗಲೇ ಬುಕ್ ಮಾಡಿಸಿದ್ದಾರೆ. ಅಡ್ವಾನ್ಸ್ ಕೇಳಲಿಲ್ಲ.

ಸೌಂಡಿನ ವಿಷಯ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ವಿದ್ಯಾರ್ಥಿಗಳ ಡಾಕ್ಯುಮೆಂಟರಿ ಸೋಲುವುದು ಅಲ್ಲೇ. ಕುದುರೆ ನಡೆದರೆ ನಾಲ್ಕು ತಾಳ ಕೇಳುತ್ತದೆ, ಟ್ರಾಟ್ ಎನ್ನುವ ಸಣ್ಣ ಓಟದಲ್ಲಿ ಎರಡು, ಅದಕ್ಕಿಂತ ಜೋರಾದ ಕ್ಯಾಂಟರ್‌ನಲ್ಲಿ ಮೂರು. ಕಣ್ಣು ಮುಚ್ಚಿ ಕೇಳಿದರೂ ವೇಗ ಗೊತ್ತಾಗಬೇಕು, ಹಾಗೆ ರೆಕಾರ್ಡ್ ಮಾಡಬೇಕು. ಉದ್ದ ಕೋಲಿನ ಮೈಕು, ಅದಕ್ಕೆ ತುಪ್ಪಳದ ಕವರ್ ಹಾಕಿ ಕುದುರೆ ಹತ್ತಿರ ಒಯ್ದರೆ ಅದು ಬೆಚ್ಚುತ್ತದೆ. ವೈರ್‌ಲೆಸ್ ಮೈಕ್ ದಸರಾ ಜನಸಂದಣಿಯಲ್ಲಿ, ಅಷ್ಟೊಂದು ಫೋನ್‌ಗಳ ನಡುವೆ, ಕಟ್ ಆಗುತ್ತದೆ. ಅದಕ್ಕೇ ಅಣ್ಣ ಕೊಟ್ಟ ಉಪಾಯ, ಚಿಕ್ಕ ರೆಕಾರ್ಡರನ್ನೇ ಸವಾರರ ಜೇಬಿಗೆ ಹಾಕಿ ಕಾಲರ್ ಮೈಕನ್ನು ಯೂನಿಫಾರ್ಮಿನ ಒಳಗೆ ಟೇಪ್ ಹಾಕಿ ಅಂಟಿಸುವುದು. ಆಮೇಲೆ ಎಡಿಟಿಂಗ್‌ನಲ್ಲಿ ಸೇರಿಸಿಕೊಳ್ಳಬಹುದು. ಪಾಲಿಬೆಟ್ಟದ ಹತ್ತಿರ ಪರಿಚಯದವರ ತೋಟದಲ್ಲಿ ಒಂದು ಕುದುರೆ ಇದೆ, ಅಲ್ಲಿ ಟೆಸ್ಟ್ ಮಾಡಿದೆವು. ಜೀನಿನ ಕಿರ್ ಕಿರ್, ಕಡಿವಾಣದ ಸದ್ದು, ಸವಾರ ಬಾಯಲ್ಲಿ ಕುದುರೆಗೆ ಹೇಳುವ ಸಣ್ಣ ಸಣ್ಣ ಮಾತು ಎಲ್ಲಾ ಬಂದಿದೆ. ದುಬಾರಿ ಮೈಕಲ್ಲೂ ಇಷ್ಟು ಸಿಗುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಕಾಗದ. ಪೊಲೀಸ್ ಜಾಗದಲ್ಲಿ ಶೂಟ್ ಮಾಡಬೇಕಾದರೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರ ಸಹಿ, ಸೀಲು ಇರುವ ಪತ್ರ, ಯಾರು ಯಾರು ಬರುತ್ತೇವೆ, ಐಡಿ ಕಾರ್ಡ್ ಪ್ರತಿ, ಏನೇನು ಸಾಮಾನು ತರುತ್ತೇವೆ ಎಲ್ಲಾ ಕೊಟ್ಟು ಅರ್ಜಿ ಹಾಕುವುದು ಒಳ್ಳೆಯದು. ಈ ಅಂಗಡಿಯವರು ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಟೈಪ್ ಮಾಡಿ, ಇದು ನಮ್ಮ ಅಂಗಡಿಯದು, ಇಂಥ ತಾರೀಕಿಗೆ ಬಾಡಿಗೆಗೆ ಕೊಟ್ಟಿದ್ದೇವೆ ಅಂತ ಸೀಲು ಹಾಕಿ ಕೊಡುತ್ತಾರೆ. ಕೇಳದೇ ಕೊಟ್ಟರು. ಅದನ್ನೇ ಅರ್ಜಿಗೆ ಲಗತ್ತಿಸಿದೆವು.

ಶೆಡ್ಯೂಲ್ ಹಾಕುವಾಗಲೂ ಅವರ ಜೊತೆ ಕೂತಿದ್ದು ಉಪಯೋಗ ಆಯಿತು. ಮೆರವಣಿಗೆ ದಿನ ಒಂದನ್ನೇ ನೆಚ್ಚಿಕೊಳ್ಳಬೇಡಿ, ಆ ದಿನ ನಿಮಗೆ ಸಿಗುವುದು ಜನರ ತಲೆ ಅಂದರು. ದಸರಾಗೆ ಮೊದಲು ಆನೆ, ಕುದುರೆಗಳಿಗೆ ಸದ್ದು ಅಭ್ಯಾಸ ಆಗಲೆಂದು ಫಿರಂಗಿ ಸಿಡಿಸುವ ತಾಲೀಮು ಮಾಡಿಸುತ್ತಾರೆ, ವಿಜಯದಶಮಿಗೆ 21 ಸುತ್ತು ಕುಶಾಲತೋಪು ಹಾರುವಾಗ ಅವು ಕದಲದೇ ನಿಲ್ಲಬೇಕಲ್ಲ. ನಮ್ಮ ಕಥೆಯ ನಡುವಿನ ಭಾಗ ಅದೇ: ಸದ್ದಿಗೆ ಓಡುವುದು ಹುಟ್ಟುಗುಣವಾಗಿರುವ ಪ್ರಾಣಿ ಸವಾರನ ಮೇಲೆ ನಂಬಿಕೆ ಇಟ್ಟು ನಿಲ್ಲಲು ಕಲಿಯುವುದು. ಹಾಗೇ ಲಾಳ ಕಟ್ಟುವ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಗೊರಸು ಬೆಳೆಯುತ್ತಲೇ ಇರುವುದರಿಂದ ಸುಮಾರು ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ತೆಗೆದು, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕಾಗುತ್ತದೆ. ಆ ದಿನ ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ರೇಟು: ಕ್ಯಾಮೆರಾ ಒಂದಕ್ಕೆ ದಿನಕ್ಕೆ 1,200, ದೊಡ್ಡ ಲೆನ್ಸ್ 800, ರೆಕಾರ್ಡರ್ 250, ಟ್ರೈಪಾಡು 200. ಕಾಲೇಜ್ ಐಡಿ ತೋರಿಸಿದರೆ ಸ್ವಲ್ಪ ಕಡಿಮೆ ಮಾಡುತ್ತಾರೆ. ಸಂಜೆ ಆರರ ಮೇಲೆ ತೆಗೆದುಕೊಂಡರೆ ಆ ದಿನದ ಬಾಡಿಗೆ ಹಿಡಿಯುವುದಿಲ್ಲ, ಬೆಳಗಿನ ಜಾವದ ಬಸ್ಸಿಗೆ ಕುಶಾಲನಗರ, ಹುಣಸೂರು ಮೇಲೆ ಮೈಸೂರಿಗೆ ಹೋಗುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಸರಿ ಇಲ್ಲದ್ದೂ ಇದೆ, ಬರೆಯಲೇಬೇಕು. ಬ್ಯಾಟರಿಗಳು ಹಳೆಯವು. ಎ6400ಗೆ ಹಾಕುವ ಬ್ಯಾಟರಿ ಹೊಸದಿದ್ದಾಗಲೇ ಹೆಚ್ಚು ಹೊತ್ತು ಬರುವುದಿಲ್ಲ, ಇಲ್ಲಿನವು ವಿಡಿಯೋ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಕೆಂಪು ತೋರಿಸುತ್ತವೆ. ಎರಡು ಬ್ಯಾಟರಿ ಕೊಟ್ಟು ದಿನ ಕಳೆಯಿರಿ ಅಂದರೆ ಆಗುವುದಿಲ್ಲ, ಜಾಸ್ತಿ ಕೇಳಿದರೆ ಬೇರೆ ಬಾಡಿಗೆ. ಮಳೆ ಕವರ್ ಇಲ್ಲವೇ ಇಲ್ಲ. ಕೊಡಗಿನಲ್ಲಿ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ಊರಲ್ಲಿ, ಕ್ಯಾಮೆರಾ ಬಾಡಿಗೆ ಕೊಡುವವರು ಮಳೆ ಕವರ್ ಇಡದಿದ್ದರೆ ಹೇಗೆ? ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೋಗಬಹುದು, ಆದರೆ ಆ ಪರಪರ ಸದ್ದು ಕುದುರೆಗೆ ಆಗದು. ಒಂದು ಹಳೆ ಲೆನ್ಸಿನ ಒಳಗೆ ಫಂಗಸ್ ಎಳೆ ಕಾಣಿಸಿತು. ತೋರಿಸಿದ ಕೂಡಲೇ ಬದಲಾಯಿಸಿ ಕೊಟ್ಟರು, ಬೇರೆ ಲೆನ್ಸುಗಳನ್ನು ತೇವ ಹಿಡಿಯದ ಬೀರುವಿನಲ್ಲೇ ಇಟ್ಟಿದ್ದಾರೆ. ಆದರೂ ಲೆನ್ಸ್ ತೆಗೆದುಕೊಳ್ಳುವಾಗ ಫೋನ್ ಟಾರ್ಚ್ ಹಾಕಿ ಒಳಗೆ ನೋಡಿಯೇ ತೆಗೆದುಕೊಳ್ಳಿ. ಡೆಪಾಸಿಟ್ ವಾಪಸ್ ಬರಲು ತಡ ಆಯಿತು, ಫೋನ್ ಮಾಡಿ ನೆನಪಿಸಬೇಕಾಯಿತು. ದುಡ್ಡು ಪೂರ್ತಿ ಬಂತು, ಆದರೆ ವಿದ್ಯಾರ್ಥಿಗಳಿಗೆ ಆ ದುಡ್ಡೇ ಮುಂದಿನ ಬಸ್ ಚಾರ್ಜು, ಊಟ. ಇದನ್ನು ಅವರು ಸರಿ ಮಾಡಿಕೊಳ್ಳಬೇಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಬ್ಯಾಟರಿ ಹೊಸದು ತಂದು ನಾಲ್ಕು ಮಳೆ ಕವರ್ ಇಟ್ಟರೆ ಐದು ಮಾಡುತ್ತೇನೆ.

ಹೋಗುವವರಿಗೆ: ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಮತ್ತು ಹಾಕಿ ಎರಡೂ ಇರುವುದರಿಂದ ಏನೂ ಸಿಗುವುದಿಲ್ಲ, ತಿಂಗಳ ಮೊದಲೇ ಹೇಳಿಡಿ. ಕೈಲ್‌ಪೊಳ್ದ್ ಮತ್ತು ಪುತ್ತರಿ ಹಬ್ಬಗಳಿಗೆ ಅಂಗಡಿ ಮುಚ್ಚಿರುತ್ತದೆ. ಬೆಳಗ್ಗೆ ಹೊತ್ತು ಜನ ಕಡಿಮೆ, ಕೂತು ಮಾತಾಡಲು ಅಣ್ಣನಿಗೆ ಪುರುಸೊತ್ತು ಇರುತ್ತದೆ. ಲಿಸ್ಟ್ ಒಯ್ಯುವುದಕ್ಕಿಂತ ಶೂಟ್ ಮಾಡುವ ಜಾಗದ ಫೋಟೋ ಒಯ್ಯಿರಿ, ಅವರು ಮೊದಲು ಕೇಳುವುದು ಅದನ್ನೇ.