ಇಂಗ್ಲೆಂಡಿನ ಕೌನ್ಸಿಲ್‌ಗಳ ಪ್ಲಾನಿಂಗ್ ಆಕ್ಷೇಪಣೆ ಸೇವೆ: ಒಬ್ಬ ಬಳಕೆದಾರನ ವಿಮರ್ಶೆ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಕನ್ನಡಿಗರಲ್ಲಿ ಕೆಲವರಿಗೆ, ತಮ್ಮ ಬೀದಿ ಸಂರಕ್ಷಣಾ ಪ್ರದೇಶದೊಳಗಿದೆ (ಅಂದರೆ ತನ್ನ ಗುಣ, ನೋಟಗಳಿಗಾಗಿ ಕಾನೂನಿನ ವಿಶೇಷ ರಕ್ಷಣೆ ಪಡೆದ ಪ್ರದೇಶದಲ್ಲಿದೆ) ಎಂಬ ಸಂಗತಿಯ ಅರ್ಥ ಪೂರ್ತಿಯಾಗಿ ತಿಳಿಯುವುದು ಪಕ್ಕದ ಹಿತ್ತಲಿನಲ್ಲಿ ಹೊಸ ಮನೆ ಕಟ್ಟಲು ಯಾರಾದರೂ ಅರ್ಜಿ ಹಾಕಿದಾಗ. ನಮ್ಮ ಬೀದಿಯಲ್ಲೂ ಅಂಥ ಅರ್ಜಿಯೊಂದು ಬಂದಿತ್ತು. ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಸ್ಥಳೀಯ ಕೌನ್ಸಿಲ್‌ನ ಪ್ಲಾನಿಂಗ್ (ಕಟ್ಟಡ ಅನುಮತಿ) ಜಾಲತಾಣವನ್ನು ಬಳಸಿದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಆಕ್ಷೇಪಣೆಗಳನ್ನು ಸ್ವೀಕರಿಸುವುದರಲ್ಲಿ ಈ ಸೇವೆ ಅಚ್ಚುಕಟ್ಟಾಗಿದೆ. ಯಾವ ಆಕ್ಷೇಪಣೆಗೆ ತೂಕವಿದೆ ಎಂದು ತಿಳಿಸುವುದರಲ್ಲಿ ಮಾತ್ರ ಬಹಳ ಜಿಪುಣ.

ಸಂರಕ್ಷಣಾ ಪ್ರದೇಶಗಳ ಪದ್ಧತಿ ಬಂದದ್ದು 1967ರ ಕಾಯಿದೆಯಿಂದ. ಮೊದಲು ಘೋಷಣೆಯಾದದ್ದು ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್ ಪಟ್ಟಣ. ಈಗ ಇಂಗ್ಲೆಂಡಿನಲ್ಲಿ ಸುಮಾರು 10,000 ಇಂಥ ಪ್ರದೇಶಗಳಿವೆ. ಅಲ್ಲಿ ಹೊಸ ಮನೆ ಕಟ್ಟಲೇಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಪಾರಂಪರಿಕ ಕಟ್ಟಡ ಮತ್ತು ಸಂರಕ್ಷಣಾ ಪ್ರದೇಶಗಳ 1990ರ ಕಾಯಿದೆಯ 72ನೇ ಸೆಕ್ಷನ್ ಹೇಳುವುದಿಷ್ಟೆ: ಆ ಪ್ರದೇಶದ ಗುಣವನ್ನು ಅಥವಾ ನೋಟವನ್ನು ಕಾಪಾಡುವುದರ, ಇಲ್ಲವೇ ಉತ್ತಮಪಡಿಸುವುದರ ಕಡೆಗೆ ಕೌನ್ಸಿಲ್ ವಿಶೇಷ ಗಮನ ಕೊಡಬೇಕು. ಇಲ್ಲಿ ಕಾಪಾಡುವುದೆಂದರೆ ಧಕ್ಕೆಯಾಗದಂತೆ ನೋಡಿಕೊಳ್ಳುವುದು ಎಂದು 1992ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿದೆ. ನೆರೆಹೊರೆಯವರ ಸಿಟ್ಟಿಗೂ ಕೌನ್ಸಿಲ್‌ನ ತೀರ್ಮಾನಕ್ಕೂ ನಡುವೆ ಬೀಳುವ ಅಂತರ ಬಹುಪಾಲು ಈ ಸೂಕ್ಷ್ಮವನ್ನು ಗಮನಿಸದೆ ಹೋಗುವುದರಿಂದಲೇ ಹುಟ್ಟುತ್ತದೆ.

ಮೊದಲು ಸೇವೆಯ ಒಳ್ಳೆಯ ಭಾಗದ ಬಗ್ಗೆ ಹೇಳಬೇಕು. ಅರ್ಜಿ ದಾಖಲಾದ ಮೇಲೆ ನಿವೇಶನದ ಬಳಿ ನೋಟಿಸ್ ಅಂಟಿಸುತ್ತಾರೆ, ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಅಭಿಪ್ರಾಯ ತಿಳಿಸಲು 21 ದಿನಗಳ ಅವಕಾಶವಿರುತ್ತದೆ. ಕರ್ನಾಟಕದ ನಮ್ಮೂರಿನ ಪತ್ರಿಕೆಗಳ ಒಳಪುಟದಲ್ಲಿ ‘ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು’ ಎಂಬ ಪ್ರಕಟಣೆಯನ್ನು ಓದಿ, ಮೂಲ ನಕ್ಷೆಯನ್ನು ಎಲ್ಲಿ ನೋಡಬೇಕೆಂದೇ ತಿಳಿಯದೆ ಕುಳಿತವರಿಗೆ ಇಲ್ಲಿಯ ಮುಕ್ತತೆ ಬೆರಗು ಹುಟ್ಟಿಸುತ್ತದೆ. ನಕ್ಷೆಗಳು, ಮರಗಳ ಸಮೀಕ್ಷೆ, ವಿನ್ಯಾಸದ ವಿವರಣೆ, ಪ್ರದೇಶದ ಪಾರಂಪರಿಕ ಮಹತ್ವವನ್ನು ಅರ್ಜಿದಾರ ತಾನೇ ವಿವರಿಸಬೇಕಾದ ವರದಿ, ಎಲ್ಲವನ್ನೂ ಮನೆಯಲ್ಲೇ ಕುಳಿತು ಉಚಿತವಾಗಿ ಓದಬಹುದು. ನಾವು ಬರೆದದ್ದೂ ಹೆಸರಿನ ಸಮೇತ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಅರ್ಜಿ ಹಾಕಿದ ನೆರೆಯವರು ಅದನ್ನು ಓದಿಯೇ ಓದುತ್ತಾರೆ.

ಸೇವೆಯ ದೊಡ್ಡ ಕೊರತೆ ಇರುವುದು ಅಭಿಪ್ರಾಯ ಬರೆಯುವ ಪುಟದಲ್ಲಿ. ಬೆಂಬಲ, ವಿರೋಧ, ತಟಸ್ಥ ಎಂಬ ಮೂರು ಆಯ್ಕೆಗಳು, ಕೆಳಗೊಂದು ಖಾಲಿ ಚೌಕ, ಅಷ್ಟೆ. ನಮ್ಮ ಬೀದಿಯವರು ಆ ಚೌಕದಲ್ಲಿ ತುಂಬಿದ್ದು ತಮ್ಮ ಮನೆಯ ಬೆಲೆ ಇಳಿಯುತ್ತದೆ, ಅಡುಗೆಮನೆಯ ಕಿಟಕಿಯಿಂದ ಕಾಣುವ ಗುಡ್ಡ ಮರೆಯಾಗುತ್ತದೆ, ಕಟ್ಟುವಾಗ ಗದ್ದಲವಾಗುತ್ತದೆ, ಅರ್ಜಿದಾರರು ದುರಾಸೆಯವರು ಎಂಬ ಮಾತುಗಳನ್ನು. ಇವುಗಳಲ್ಲಿ ಸುಳ್ಳಿರಲಿಕ್ಕಿಲ್ಲ, ಆದರೆ ಪ್ಲಾನಿಂಗ್ ನಿರ್ಧಾರದಲ್ಲಿ ಇವು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬೆಳಕು ತಪ್ಪುವುದು, ಹೊಸ ಕಿಟಕಿಯಿಂದ ನಮ್ಮ ಮನೆಯೊಳಗೆ ನೇರ ದೃಷ್ಟಿ ಬೀಳುವುದು, ರಸ್ತೆಯ ಸುರಕ್ಷತೆ, ಮರಗಳು, ಕಟ್ಟಡದ ಎತ್ತರ ಮತ್ತು ಗಾತ್ರ, ಎಲ್ಲಕ್ಕಿಂತ ಮುಖ್ಯವಾಗಿ ಪ್ರದೇಶದ ಗುಣಕ್ಕೆ ಆಗುವ ಧಕ್ಕೆ, ಇವು ಲೆಕ್ಕಕ್ಕೆ ಬರುತ್ತವೆ. ಈ ಪಟ್ಟಿ ಜಾಲತಾಣದಲ್ಲೇ ಇದೆ, ಆದರೆ ಬೇರೊಂದು ಪುಟದ ತಳದಲ್ಲಿ. ಚೌಕದ ಪಕ್ಕದಲ್ಲೇ ನಾಲ್ಕು ಸಾಲಿನಲ್ಲಿ ಅದನ್ನು ಹಾಕಿದ್ದರೆ, ಸಿಟ್ಟಿನಿಂದ ಬರೆದ ಅರ್ಧದಷ್ಟು ಪತ್ರಗಳು ಕೆಲಸಕ್ಕೆ ಬರುವ ಪತ್ರಗಳಾಗುತ್ತಿದ್ದವು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಹಳಷ್ಟು ಕೌನ್ಸಿಲ್‌ಗಳು ತಮ್ಮ ಸಂರಕ್ಷಣಾ ಪ್ರದೇಶಗಳ ಬಗ್ಗೆ ತಾವೇ ಒಂದು ಮೌಲ್ಯಮಾಪನ ದಾಖಲೆ ಸಿದ್ಧಪಡಿಸಿರುತ್ತವೆ. ಯಾವ ಬೀದಿಗೆ ಅದರ ಗುಣ ಎಲ್ಲಿಂದ ಬಂದಿದೆ, ಮನೆಗಳ ನಡುವಿನ ಖಾಲಿ ಜಾಗ, ಕಲ್ಲಿನ ಗೋಡೆ, ಚಾವಣಿಯ ಸಾಲು, ಇವುಗಳ ಮಹತ್ವವೇನು ಎಂದು ಅದರಲ್ಲಿ ಬರೆದಿರುತ್ತದೆ. ಹಿತ್ತಲುಗಳ ಹಸಿರು ಅಂತರವೇ ನಮ್ಮ ಬೀದಿಯ ಗುಣ ಎಂದು ಕೌನ್ಸಿಲ್‌ನ ದಾಖಲೆಯೇ ಹೇಳಿರುವಾಗ, ಆ ಸಾಲನ್ನು ಉಲ್ಲೇಖಿಸಿ ಹೊಸ ಮನೆಯ ಎತ್ತರವನ್ನು ಪ್ರಶ್ನಿಸಿದ ಪತ್ರಕ್ಕೆ, ಅರ್ಜಿ ಪರಿಶೀಲಿಸಿದ ಕೌನ್ಸಿಲ್ ಅಧಿಕಾರಿಯ ವರದಿಯಲ್ಲಿ ಒಂದು ಪೂರ್ಣ ಪ್ಯಾರಾ ಸಿಕ್ಕಿತು. ಉಳಿದ ಪತ್ರಗಳೆಲ್ಲ ಸೇರಿ ಒಂದೇ ವಾಕ್ಯವಾದವು.

ಆಕ್ಷೇಪಿಸುವವರ ಪರವಾಗಿ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಗಿಲ್ಲ ಎಂಬುದಕ್ಕೂ ಉದಾಹರಣೆಯಿದೆ. ಸಂರಕ್ಷಣಾ ಪ್ರದೇಶದ ಕಾನೂನು ಬರುವುದಕ್ಕೆ ಬಹಳ ಮುಂಚೆ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ವಿಲೋ ರೋಡಿನಲ್ಲಿ ವಾಸ್ತುಶಿಲ್ಪಿ ಎರ್ನೋ ಗೋಲ್ಡ್‌ಫಿಂಗರ್ ಹಳೆಯ ಕುಟೀರಗಳನ್ನು ಕೆಡವಿ ಆಧುನಿಕ ಶೈಲಿಯ ಮೂರು ಮನೆಗಳ ಸಾಲನ್ನು ಕಟ್ಟಹೊರಟಾಗ, ಮುಂದೆ ಗೃಹಮಂತ್ರಿಯಾದ ಹೆನ್ರಿ ಬ್ರೂಕ್ ಸೇರಿದಂತೆ ಸ್ಥಳೀಯರು ಬಲವಾಗಿ ವಿರೋಧಿಸಿದ್ದರು. 1939ರಲ್ಲಿ ಮುಗಿದ ಆ ಸಾಲಿನ 2ನೇ ನಂಬರಿನ ಮನೆ ಇಂದು ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಆಸ್ತಿ. ಜನ ಟಿಕೆಟ್ ಕೊಂಡು ನೋಡುತ್ತಾರೆ. ಹಾಗೆಂದು ನಮ್ಮ ಬೀದಿಗೆ ಬಂದ ನಕ್ಷೆಯಲ್ಲಿ ಗೋಲ್ಡ್‌ಫಿಂಗರ್ ಯಾರೂ ಅಡಗಿರಲಿಲ್ಲ, ಆ ಮಾತು ಬೇರೆ.

ಎರಡನೆಯ ಕೊರತೆ ಇನ್ನೂ ಗಂಭೀರವಾದುದು. ಅರ್ಜಿದಾರರು ನಡುವೆ ಬದಲಿಸಿದ ನಕ್ಷೆಯನ್ನು ಜಾಲತಾಣಕ್ಕೆ ಏರಿಸಲಾಯಿತಾದರೂ, ಮೊದಲು ಆಕ್ಷೇಪಿಸಿದ ನಮಗೆ ಸೂಚನೆ ಬರಲಿಲ್ಲ. ಬದಲಾದ ನಕ್ಷೆಯ ಮೇಲೆ ಮತ್ತೆ ಅಭಿಪ್ರಾಯ ಕೇಳುವುದು ಕೌನ್ಸಿಲ್‌ನ ವಿವೇಚನೆಗೆ ಬಿಟ್ಟದ್ದು ಎಂಬ ಉತ್ತರ ನಿಯಮದ ಪ್ರಕಾರ ಸರಿಯಿರಬಹುದು. ಒಂದು ಇಮೇಲ್ ಕಳಿಸಲು ನಿಯಮವೇ ಬೇಕೇ? ಇಂಥ ಸಣ್ಣ ಅರ್ಜಿಗಳನ್ನು ಬಹುತೇಕ ಅಧಿಕಾರಿಗಳೇ ತೀರ್ಮಾನಿಸುತ್ತಾರೆ. ಕೌನ್ಸಿಲರ್‌ಗಳ ಪ್ಲಾನಿಂಗ್ ಸಮಿತಿಯ ಮುಂದೆ ಬರಬೇಕಿದ್ದರೆ ವಾರ್ಡಿನ ಕೌನ್ಸಿಲರ್‌ಗೆ ಬೇಗ ಪತ್ರ ಬರೆದು ಕೇಳಿಕೊಳ್ಳಬೇಕು. ಸಮಿತಿಯಲ್ಲಿ ಮಾತಾಡಲು ಸಾಮಾನ್ಯವಾಗಿ ಸಿಗುವುದು ಮೂರು ನಿಮಿಷ.

ನಾವು ಆಕ್ಷೇಪಿಸಿದ ಅರ್ಜಿಗೆ ಕೊನೆಗೆ ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತು: ಇಟ್ಟಿಗೆ ಮತ್ತು ಹೆಂಚಿನ ಮಾದರಿಗಳಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಮೇಲಂತಸ್ತಿನ ಪಕ್ಕದ ಕಿಟಕಿಗೆ ಆಚೆಯದು ಕಾಣದಂಥ ಗಾಜು ಹಾಕಬೇಕು. ಎತ್ತರ ಸ್ವಲ್ಪ ತಗ್ಗಿತು. ಇದನ್ನು ನಾನು ಸೋಲೆಂದು ಎಣಿಸುವುದಿಲ್ಲ, ಮತ್ತು ಸೇವೆಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹೊಸದಾಗಿ ಬಳಸುವವರಿಗೆ ತಿಳಿದಿರಬೇಕಾದ್ದು ಇನ್ನೊಂದಿದೆ. ಅನುಮತಿ ಸಿಗದಿದ್ದರೆ ಅರ್ಜಿದಾರರು ಆರು ತಿಂಗಳೊಳಗೆ, ಮೇಲ್ಮನವಿಗಳನ್ನು ತೀರ್ಮಾನಿಸುವ ಸರ್ಕಾರಿ ಸಂಸ್ಥೆ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ಸಿಕ್ಕಿದರೆ ಆಕ್ಷೇಪಿಸಿದವರಿಗೆ ಅಂಥ ಹಕ್ಕಿಲ್ಲ, ಕಾನೂನಿನ ತಪ್ಪಾಗಿದೆ ಎಂದು ಆರು ವಾರದೊಳಗೆ ಹೈಕೋರ್ಟಿಗೆ ಹೋಗುವ ದುಬಾರಿ ದಾರಿ ಮಾತ್ರ ಉಂಟು. ಅರ್ಜಿದಾರರು ಮೇಲ್ಮನವಿಗೆ ಹೋದಾಗ ಇನ್‌ಸ್ಪೆಕ್ಟರ್ ಕೈಗೂ ತಲುಪುವುದು ನಾವು ಮೊದಲ ಹಂತದಲ್ಲಿ ಬರೆದ ಪತ್ರವೇ. ಆದ್ದರಿಂದ ಆ 21 ದಿನಗಳಲ್ಲೇ ಹೇಳಬೇಕಾದ್ದನ್ನೆಲ್ಲ ಪೂರ್ತಿಯಾಗಿ ಬರೆದು ಕಳುಹಿಸಬೇಕು.