ಕೇಳಿದ ಮೀನು ಕೊಡದ ಅಂಗಡಿ

ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿರುವ ಈ ಅಕ್ವೇರಿಯಂ ಮೀನಿನ ಅಂಗಡಿಗೆ ಮೊದಲ ಸಲ ಹೋದಾಗ ಸಾವಿರ ರೂಪಾಯಿ ಇಟ್ಟುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಆ ಸಾವಿರ ಹಾಗೇ ಇತ್ತು. ಕೈಯಲ್ಲಿ ಇದ್ದದ್ದು ಒಂದು ಕವರ್, ಅದರೊಳಗೆ ಸ್ವಲ್ಪ ನೀರು, ನೀರಲ್ಲಿ ಒಂದು ಕೊಳಕು ಸ್ಪಂಜಿನ ತುಂಡು. ಮೀನು ಕೊಡಲೇ ಇಲ್ಲ. ಕಾಮಾಕ್ಷಿಪಾಳ್ಯದಿಂದ ಎರಡು ಬಸ್ ಬದಲಾಯಿಸಿ ಹೋದವಳಿಗೆ ಸಿಟ್ಟು ಬರದೆ ಇರುತ್ತಾ? ಆಮೇಲೆ ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಮೂರಡಿ ಟ್ಯಾಂಕ್ ಒಂದನ್ನು ಕೊಟ್ಟು ಹೋದರು. ಉದ್ದ 36 ಇಂಚು, ಅಗಲ 12, ಎತ್ತರ 15. ಲೆಕ್ಕಕ್ಕೆ 106 ಲೀಟರ್, ಕಲ್ಲು ಹಾಕಿ ಮೇಲೆ ಜಾಗ ಬಿಟ್ಟರೆ 90 ಹಿಡಿಯುತ್ತೆ. ಮಗ ಅದೇ ಸಂಜೆ ನಮ್ಮ ಏರಿಯಾದ ಒಂದು ಅಂಗಡಿಗೆ ಎಳೆದುಕೊಂಡು ಹೋದ. ಆ ಅಂಗಡಿಯ ಹೆಸರು ಬೇಡ ಬಿಡಿ. ಅವನು ಬೆರಳು ತೋರಿಸಿದ್ದೆಲ್ಲ ಬಲೆಗೆ ಬಂತು. ಎರಡು ಏಂಜಲ್, ಮೂರು ಟೈಗರ್ ಬಾರ್ಬ್, ಎರಡು ಗೋಲ್ಡ್ ಫಿಶ್, ಆರು ನಿಯಾನ್ ಟೆಟ್ರಾ, ಪಾಚಿ ತಿನ್ನಲಿ ಅಂತ ಒಂದು ಸಕ್ಕರ್. "ಎಲ್ಲಾ ಒಟ್ಟಿಗೆ ಇರ್ತಾವಾ?" ಅಂತ ಕೇಳಿದೆ. "ಇರ್ತಾವೆ ಮೇಡಂ, ಎಲ್ಲಾ ಮೀನೇ ಅಲ್ವಾ" ಅಂದ ಅಂಗಡಿಯ ಹುಡುಗ.

ನಿಯಾನ್ ಆರೂ ಒಂದೇ ವಾರದಲ್ಲಿ ಹೋದವು. ಏಂಜಲ್‌ಗಳದ್ದು ಇನ್ನೂ ಬೇಜಾರಿನ ಕಥೆ. ನನ್ನ ಮೆಷಿನ್ ಪಕ್ಕದಲ್ಲೇ ಟ್ಯಾಂಕ್ ಇರೋದು, ಹಾಗಾಗಿ ಎಲ್ಲಾ ಕಣ್ಣೆದುರೇ ನಡೆಯಿತು. ಟೈಗರ್ ಬಾರ್ಬ್ ಹಿಂದಿನಿಂದ ಬರುತ್ತೆ, ಉದ್ದ ಇಳಿಬಿದ್ದ ರೆಕ್ಕೆಯ ತುದಿ ಕಚ್ಚಿ ಓಡಿಹೋಗುತ್ತೆ. ಏಂಜಲ್ ತಿರುಗುವಷ್ಟರಲ್ಲಿ ಇನ್ನೊಂದು ಬಾರ್ಬ್ ಆ ಕಡೆಯಿಂದ. ಹತ್ತು ದಿನಕ್ಕೆ ರೆಕ್ಕೆ ಎಲ್ಲಾ ಓವರ್‌ಲಾಕ್ ಮಾಡದ ಶಿಫಾನ್ ಅಂಚಿನ ಹಾಗೆ ಎಳೆಎಳೆಯಾಗಿತ್ತು. ಒಂದು ಏಂಜಲ್ ಸತ್ತಿತು. ಉಳಿದದ್ದು ಫಿಲ್ಟರ್ ಹಿಂದೆ ಸೇರಿಕೊಂಡು ಊಟಕ್ಕೂ ಹೊರಗೆ ಬರುತ್ತಿರಲಿಲ್ಲ. ರಾತ್ರಿ ಹೊತ್ತು ಸಕ್ಕರ್ ಹೋಗಿ ಗೋಲ್ಡ್ ಫಿಶ್ ಮೈಗೆ ಅಂಟಿಕೊಳ್ಳುತ್ತಿತ್ತು, ಅದರ ಮೈಮೇಲಿನ ಲೋಳೆ ತಿನ್ನೋದಕ್ಕೆ.

ಆಗ ಹೋದದ್ದು ಈ ಅಂಗಡಿಗೆ. ಹತ್ತಡಿ ಅಗಲ ಇರಬಹುದು, ನೆಲದಿಂದ ಸೂರಿನವರೆಗೆ ಟ್ಯಾಂಕ್. ಅಂಗಡಿ ನಡೆಸುವ ಅಣ್ಣನಿಗೆ ಅರವತ್ತರ ಮೇಲಾಗಿದೆ. "ಎರಡು ಏಂಜಲ್ ಕೊಡಿ" ಅಂದೆ. ಅವರು ಬಲೆ ಮುಟ್ಟಲಿಲ್ಲ. ಟ್ಯಾಂಕ್ ಅಳತೆ ಎಷ್ಟು, ನೀರು ಹಾಕಿ ಎಷ್ಟು ದಿನ ಆಯ್ತು, ಒಳಗೆ ಈಗ ಯಾರ್ಯಾರಿದ್ದಾರೆ? ಸಂಬಂಧ ನೋಡೋಕೆ ಬಂದವರ ಹಾಗೆ ಕೇಳಿದರು. ಫೋನಿನಲ್ಲಿದ್ದ ಫೋಟೊ ತೋರಿಸಿದೆ.

"ಅಕ್ಕ, ಏಂಜಲ್ ಇಟ್ಕೋತೀರಾ, ಬಾರ್ಬ್ ಇಟ್ಕೋತೀರಾ? ಎರಡರಲ್ಲಿ ಒಂದು ಹೇಳಿ."

ಮಗನಿಗೆ ಬಾರ್ಬ್ ಇಷ್ಟ ಅಂದೆ. ಹಾಗಾದರೆ ಮೂರು ಸಾಲದು, ಎಂಟು ಬೇಕು ಅಂದರು! ಕಾಟ ಕೊಡುವ ಮೀನನ್ನೇ ಇನ್ನೂ ಐದು ತಗೊಳ್ಳೋದಾ? ವ್ಯಾಪಾರದ ಬುದ್ಧಿ ಅಂದುಕೊಂಡೆ. ಅದು ಹಾಗಲ್ಲವಂತೆ. ಟೈಗರ್ ಬಾರ್ಬ್ ಗುಂಪಿನ ಮೀನು. ಅವುಗಳಲ್ಲೇ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ದಿನವಿಡೀ ಜಗಳ ಇರುತ್ತೆ. ಗುಂಪು ದೊಡ್ಡದಿದ್ದರೆ ಆ ಜಗಳದಲ್ಲೇ ಅವಕ್ಕೆ ಹೊತ್ತು ಹೋಗುತ್ತೆ. ಎರಡೋ ಮೂರೋ ಇದ್ದರೆ ಪಕ್ಕದವರ ಮೇಲೆ ಬೀಳುತ್ತವೆ. "ಮೂರಿದ್ರೆ ಕಾಟ, ಎಂಟಿದ್ರೆ ಆಟ" ಅಂದರು. ಹಾಗಂತ ಎಂಟಿದ್ದರೂ ಉದ್ದ ರೆಕ್ಕೆಯವರನ್ನು ಜೊತೆಗೆ ಬಿಡಬೇಡಿ ಅಂತಲೂ ಸೇರಿಸಿದರು. ಏಂಜಲ್, ಬೆಟ್ಟಾ, ಗಪ್ಪಿ ಯಾವುದೂ ಬೇಡ.

ನಿಯಾನ್ ಸತ್ತದ್ದಕ್ಕೆ ಬಾರ್ಬ್ ಕಾರಣ ಅಲ್ಲವಂತೆ, ಹೊಸ ನೀರು ಕಾರಣ. ಮೀನಿನ ಹೇಲು, ಉಳಿದ ಕಾಳು ಕೊಳೆತರೆ ಅಮೋನಿಯಾ ಆಗುತ್ತೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ನಾನು ನೀರು ತುಂಬಿದ ದಿನವೇ ಹದಿನಾಲ್ಕು ಮೀನು ಬಿಟ್ಟಿದ್ದೆ. ಅಣ್ಣ ತಮ್ಮ ಓಡುತ್ತಿದ್ದ ಫಿಲ್ಟರ್ ತೆಗೆದು, ಸ್ಪಂಜಿನ ತುಂಡೊಂದನ್ನು ಕತ್ತರಿಸಿ ಕವರಿಗೆ ಹಾಕಿ ಕೊಟ್ಟರು. "ನಿಮ್ಮ ಫಿಲ್ಟರ್ ಒಳಗಿಡಿ. ನಲ್ಲಿ ನೀರಲ್ಲಿ ತೊಳೀಬೇಡಿ, ಕ್ಲೋರಿನ್‌ಗೆ ಅದರಲ್ಲಿರೋ ಬ್ಯಾಕ್ಟೀರಿಯಾ ಸತ್ತೋಗುತ್ತೆ. ಕಾಸು ಬೇಡ. ಮೂರು ವಾರ ಬಿಟ್ಟು ಬನ್ನಿ, ಬರುವಾಗ ಒಂದು ಬಾಟಲಿ ನೀರು ತನ್ನಿ."

ನಾನು ಎರಡು ಬಾಟಲಿ ಒಯ್ದೆ, ನಮ್ಮನೆಗೆ ಬೋರೂ ಉಂಟು, ಕಾವೇರಿಯೂ ಉಂಟು. ಆರ್‌ಓ ರಿಪೇರಿಯವರ ಹತ್ತಿರ ಇರುತ್ತಲ್ಲ, ನೀರಲ್ಲಿ ಕರಗಿದ ಲವಣ ಅಳೆಯುವ ಅದೇ ಟಿಡಿಎಸ್ ಮೀಟರ್ ಅದ್ದಿ ನೋಡಿದರು. ಬೋರ್ 780, ಕಾವೇರಿ 190. ಗಪ್ಪಿ, ಮೋಲಿ, ಪ್ಲಾಟಿಗೆ ಗಡಸು ನೀರು ಒಗ್ಗುತ್ತೆ, ಬರೀ ಬೋರ್ ಇರುವ ಮನೆಗೆ ಅವೇ ಸರಿ. ನಿಯಾನ್ ಮೆದು ನೀರಿನದ್ದು. ಬಾರ್ಬ್ ಹೊಂದಿಕೊಳ್ಳುತ್ತೆ, ಆದರೆ ಒಂದು ವಾರ ಕಾವೇರಿ, ಇನ್ನೊಂದು ವಾರ ಬೋರ್ ಅಂತ ಮಾಡಬೇಡಿ ಅಂದರು. ಈಗ ನಾನು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತೇನೆ, ಬರೀ ಕಾವೇರಿ, ಆಂಟಿ ಕ್ಲೋರಿನ್ ಹನಿ ಹಾಕಿ.

ಬಾರ್ಬ್ ಬಿಟ್ಟು ನನ್ನ ಹಳೇ ಮೀನುಗಳನ್ನು ಅಣ್ಣನೇ ತಗೊಂಡರು. ದುಡ್ಡು ಕೊಡಲಿಲ್ಲ, ಹೊಸ ಮೀನಿನ ಬೆಲೆಯಲ್ಲಿ ನೂರು ರೂಪಾಯಿ ಮುರಿದರು. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಗಲೀಜೂ ಜಾಸ್ತಿ. ಡಿಸೆಂಬರಿನಲ್ಲಿ ಬಾರ್ಬ್‌ಗೆ 25 ಡಿಗ್ರಿ ಹೀಟರ್ ಹಾಕಿದರೆ ಅದಕ್ಕೆ ಹಿಂಸೆ. ಸಕ್ಕರ್ ಒಂದಡಿ ದಾಟಿ ಬೆಳೆಯುತ್ತೆ ಅಂತ ಕೇಳಿ ನನ್ನ ಮಗ ಬಾಯಿ ಬಿಟ್ಟ. ಪಕ್ಕದ ಮನೆಯವರು "ಕೆರೆಗೆ ಬಿಟ್ಬಿಡಿ, ಪುಣ್ಯ ಬರುತ್ತೆ" ಅಂದಿದ್ದರು. ಹೊರದೇಶದ ಆ ಮೀನು ಕೆರೆ ಸೇರಿದರೆ ಅಲ್ಲಿನ ಮೀನಿಗೆ ಕುತ್ತು. ಸುಮ್ನೆ ಅಂಗಡಿಗೆ ಕೊಟ್ಟು ಬನ್ನಿ.

ತಳಕ್ಕೆ ಯಾರು ಅಂತ ಕೇಳಿದಾಗ ಅಣ್ಣ ತೋರಿಸಿದ್ದು ಜೀಬ್ರಾ ಲೋಚ್. ಬೆರಳುದ್ದ, ಮೈತುಂಬಾ ಸಣ್ಣ ಪಟ್ಟೆ, ಮೂತಿಗೆ ಎಳೆ ಮೀಸೆ. ಬಾರ್ಬ್ ಎಷ್ಟೇ ಗಲಾಟೆ ಮಾಡಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಪಶ್ಚಿಮ ಘಟ್ಟದ ಮೀನು, ತುಂಗಾ ನದಿಯದ್ದು ಅಂದರು. ನನ್ನ ತವರು ತೀರ್ಥಹಳ್ಳಿ. ಕೇಳಬೇಕಾ, ಐದು ತಗೊಂಡೆ. ಅಳಿವಿನಂಚಿನ ಪಟ್ಟಿಯಲ್ಲಿದೆ ಅಂತ ಆಮೇಲೆ ಗೊತ್ತಾಯಿತು. ಹೊಳೆಯಿಂದ ಹಿಡಿದು ತಂದದ್ದಾ ಅಂತ ಮುಂದಿನ ಸಲ ಕೇಳಿದೆ. ಅಣ್ಣ ಸರಿಯಾಗಿ ಉತ್ತರ ಕೊಡಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತೆ.

ದೂರು ಇನ್ನೂ ಇವೆ. ಬಿಲ್ ಕೊಡುವುದಿಲ್ಲ. ಗಿಡದ ಜೊತೆ ಬಸವನಹುಳು ಪುಕ್ಕಟೆ ಬಂತು, ಲೋಚ್‌ಗಳು ತಿಂದು ಮುಗಿಸಿದವು ಬಿಡಿ. ಸೂಜಿ ಚುಚ್ಚಿ ಬಣ್ಣ ತುಂಬಿದ ಗ್ಲಾಸ್ ಫಿಶ್ ಅನ್ನೂ ಮಾರುತ್ತಾರೆ, ಇಷ್ಟೆಲ್ಲ ತಿಳಿದವರು ಅದನ್ನು ಯಾಕೆ ಇಡಬೇಕೋ. ಬೆಲೆ ನಮ್ಮ ಏರಿಯಾಗಿಂತ ಮೀನಿಗೆ ಹತ್ತಿಪ್ಪತ್ತು ಜಾಸ್ತಿ. ಮುಖ್ಯವಾಗಿ, ಅಣ್ಣ ಊಟಕ್ಕೆ ಹೋದಾಗ ಹೋಗಬೇಡಿ. ಗಲ್ಲಾದಲ್ಲಿ ಕೂರುವ ಹುಡುಗ ಏನೂ ಕೇಳುವುದಿಲ್ಲ, ಕೇಳಿದ್ದೆಲ್ಲ ಕೊಟ್ಟುಬಿಡುತ್ತಾನೆ.

ನಾಲ್ಕು ತಿಂಗಳಾಯಿತು. ಎಂಟು ಬಾರ್ಬ್, ಐದು ಲೋಚ್, ಒಂದೂ ಸತ್ತಿಲ್ಲ. ಬ್ಲೌಸ್ ಅಳತೆ ಕೊಡೋಕೆ ಬಂದವರು ಟ್ಯಾಂಕ್ ಮುಂದೆಯೇ ನಿಂತುಬಿಡುತ್ತಾರೆ.

ಹೋದ ವಾರ ಕಾಳು ತರೋಕೆ ಹೋಗಿದ್ದೆ. ಮೂಲೆಯ ಟ್ಯಾಂಕಿನಲ್ಲಿ ಒಂದೇ ಒಂದು ಏಂಜಲ್. ಕಿವಿರಿನ ಪಕ್ಕ ಕಪ್ಪು ಚುಕ್ಕೆ. ನನ್ನದೇ! ರೆಕ್ಕೆ ಪೂರ್ತಿ ಬೆಳೆದಿತ್ತು, ಹೊಸದಾಗಿ ಬಂದ ಅಂಚು ಗಾಜಿನ ಹಾಗೆ ತೆಳ್ಳಗೆ. ಆಸೆ ತಡೆಯಲಾಗಲಿಲ್ಲ, ಎಷ್ಟು ಅಂತ ಕೇಳಿದೆ.

"ಇನ್ನೂರೈವತ್ತು. ಆದ್ರೆ ನಿಮಗೆ ಕೊಡಲ್ಲ ಅಕ್ಕ, ನಿಮ್ಮನೇಲಿ ಬಾರ್ಬ್ ಇದಾವಲ್ಲ" ಅಂದು ಕಾಳಿನ ಡಬ್ಬಿ ಮಾತ್ರ ಕವರಿಗೆ ಹಾಕಿದರು.